ದಿನಗಳ ಲೆಕ್ಕ: ಕೊಡಗಿನಲ್ಲಿ ಪ್ರವಾಸ ಬರಹವೇ ಕಸುಬಾದಾಗ

ಕೊಡಗಿನ ಕಾಫಿ ತೋಟವೊಂದರ ಆಫೀಸಿಗೆ ಫೋನ್ ಮಾಡಿ ‘ನಾನು ರೈಟರ್, ತೋಟ ನೋಡೋಕೆ ಬರಬಹುದಾ ಸರ್?’ ಎಂದು ಕೇಳಿ ನೋಡಿ. ‘ಯಾವ ತೋಟದ ರೈಟರ್?’ ಎಂಬ ಮರುಪ್ರಶ್ನೆ ಬಂದರೆ ಅಚ್ಚರಿಪಡಬೇಕಿಲ್ಲ. ಇಲ್ಲಿ ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವ, ಕೂಲಿ ಲೆಕ್ಕ ಇಡುವ, ಗೊಬ್ಬರದ ಚೀಲ ಎಣಿಸುವ ತೋಟದ ಗುಮಾಸ್ತ. ಹಾಗಾಗಿ ‘ಪತ್ರಿಕೆಗಳಿಗೆ ಪ್ರವಾಸ ಲೇಖನ ಬರೆಯುತ್ತೇನೆ, ಯಾವ ಪತ್ರಿಕೆಯಲ್ಲೂ ನೌಕರಿಯಲ್ಲಿಲ್ಲ’ ಎಂದು ಮೊದಲ ಮಾತಿಗೇ ಹೇಳಿಬಿಡುವುದು ಒಳ್ಳೆಯದು. ಎರಡನೆಯ ಭಾಗವನ್ನು ನುಂಗಿಕೊಂಡರೆ ಎದುರಿನವರು ನಿಮ್ಮನ್ನು ಪತ್ರಿಕೆಯ ಪ್ರತಿನಿಧಿ ಎಂದೇ ತಿಳಿಯುತ್ತಾರೆ. ಲೇಖನ ಅಚ್ಚಾಗದೆ ಹೋದಾಗ ಆ ತಪ್ಪು ತಿಳಿವಳಿಕೆ ಮುನಿಸಾಗುತ್ತದೆ.

ತೋಟದ ರೈಟರ್ ಇಡುವ ಹಾಜರಿ ಪುಸ್ತಕವಿದೆಯಲ್ಲ, ಅಂಥದ್ದೊಂದು ಪ್ರವಾಸ ಬರಹಗಾರರ ಬಳಿಯೂ ಇರಬೇಕು. ಈ ಕಸುಬಿನಲ್ಲಿ ಖರ್ಚಾಗುವುದು ದಿನ. ಸಂಭಾವನೆಯನ್ನು ಪದಕ್ಕಿಷ್ಟು, ಲೇಖನಕ್ಕಿಷ್ಟು ಎಂದು ಕೊಡುತ್ತಾರೆ. ಬದುಕು ನಡೆಯುವುದು ಮಾತ್ರ ದಿನಕ್ಕೆಷ್ಟು ಉಳಿಯಿತು ಎಂಬುದರ ಮೇಲೆ. ಈ ವ್ಯತ್ಯಾಸ ತಿಳಿಯದೆ ಶುರು ಮಾಡಿದವರು ಎರಡನೆಯ ಮಳೆಗಾಲದ ಹೊತ್ತಿಗೆ ಬೇರೆ ಕೆಲಸ ಹುಡುಕುತ್ತಿರುತ್ತಾರೆ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಉದಾಹರಣೆಗೆ ಇಟ್ಟುಕೊಂಡವು, ನಿಮ್ಮ ನಿಮ್ಮ ಅನುಭವಕ್ಕೆ ತಕ್ಕಂತೆ ಬದಲಿಸಿಕೊಳ್ಳಿ. ಮಡಿಕೇರಿಯಲ್ಲಿ ಮನೆ ಇರುವ ಒಬ್ಬರು ಕಕ್ಕಬ್ಬೆಗೆ ಹೋಗಿ ನಾಲ್ಕುನಾಡು ಅರಮನೆಯ ಬಗ್ಗೆ ಬರೆಯಬೇಕು. ಬಸ್ಸು, ಜೀಪು 1,400 ರೂಪಾಯಿ. ಒಂದು ರಾತ್ರಿಯ ವಸತಿ 1,500. ಊಟ ತಿಂಡಿ 600. ಚಿಲ್ಲರೆ ಖರ್ಚು 200. ಒಟ್ಟು 3,700. ಲೇಖನಕ್ಕೆ ಸಿಗುವುದು 4,000 ಎಂದಿಟ್ಟುಕೊಂಡರೆ ಉಳಿತಾಯ 300. ಇನ್ನು ದಿನಗಳು: ಫೋನು, ಓದು, ತಯಾರಿಗೆ ಒಂದು, ಊರಿನಲ್ಲಿ ಎರಡು, ಬರೆಯಲು ಎರಡು, ಚಿತ್ರ ಆರಿಸಿ, ಹೆಸರು ಇಸವಿ ಸರಿ ನೋಡಲು ಒಂದು. ಆರು ದಿನಕ್ಕೆ 300 ರೂಪಾಯಿ, ಅಂದರೆ ದಿನಕ್ಕೆ 50.

ಅದೇ ಓಡಾಟದಲ್ಲಿ ಇನ್ನೂ ಮೂರು ಲೇಖನಕ್ಕೆ ಸರಕು ತಂದರೆ ಲೆಕ್ಕವೇ ಬೇರೆ. ಅಡುಗೆ ಪುಟಕ್ಕೆ ಕಾಚಂಪುಳಿ (ಹಣ್ಣಿನ ರಸ ಕುದಿಸಿ ಮಾಡುವ ಕಪ್ಪು ಹುಳಿ) ಕಾಯಿಸುವ ಬಗೆ, ಕೃಷಿ ಪುಟಕ್ಕೆ ಕಾಫಿ ಗಿಡಗಳ ನಡುವೆ ಮರಕ್ಕೆ ಹಬ್ಬಿಸಿದ ಮೆಣಸು, ನವೆಂಬರ್‌ಗೆಂದು ತೆಗೆದಿಡಲು, ಹುತ್ತರಿ ಹಬ್ಬದ ದಿನ ನಿಗದಿಯಾಗುವ ಪಾಡಿ ಇಗ್ಗುತ್ತಪ್ಪ ದೇವಸ್ಥಾನ. ಈ ಮೂರರಿಂದ 10,500 ಬಂದರೆ ಒಟ್ಟು ಆದಾಯ 14,500. ಪ್ರಯಾಣದ ಖರ್ಚು ಅದೇ 3,700. ಒಂದೊಂದಕ್ಕೆ ಎರಡು ದಿನದಂತೆ ಆರು ದಿನ ಸೇರಿದರೆ ಹನ್ನೆರಡು ದಿನಕ್ಕೆ 10,800, ದಿನಕ್ಕೆ 900. ಕಾರ್ಮಿಕರೊಬ್ಬರ ಕೂಲಿಯ ಪಕ್ಕದಲ್ಲಿ ಇಟ್ಟು ನೋಡಬಹುದಾದ ಮೊತ್ತ ಇದು. ಹಾಗೆಂದು ಒಂದೇ ಲೇಖನವನ್ನು ನಾಲ್ಕು ಸಲ ಬಿಸಿ ಮಾಡಿ ಬಡಿಸುವಂತಿಲ್ಲ. ನಾಲ್ಕಕ್ಕೂ ಬೇರೆ ಬೇರೆ ಪ್ರಶ್ನೆಪಟ್ಟಿ, ಬೇರೆ ಬೇರೆ ಚಿತ್ರ, ಮಾತಾಡಿಸಬೇಕಾದ ಜನ ಬೇರೆ. ಇದೆಲ್ಲ ಮನೆ ಬಿಡುವ ಮೊದಲೇ ಬರೆದುಕೊಂಡಿರಬೇಕು. ಹೋದ ಮೇಲೆ ನೆನಪಾದರೆ ಇನ್ನೊಂದು ಬಸ್ಸು, ಇನ್ನೊಂದು ದಿನ.

ಕೊಡಗು ದಿನಗಳನ್ನು ನುಂಗುವುದು ಹೇಗೆ

ಈ ಜಿಲ್ಲೆಯಲ್ಲಿ ರೈಲಿಲ್ಲ. ರೈಲು ಬೇಕೆಂದರೆ ಮೈಸೂರಿಗೆ ಇಳಿಯಬೇಕು, ಅದು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಊರೊಳಗಿನ ದಾರಿಗಳಲ್ಲಿ ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವುದೇ ತಪ್ಪು. ಮಡಿಕೇರಿಯಿಂದ ತಲಕಾವೇರಿ ಸುಮಾರು 45 ಕಿಲೋಮೀಟರ್, ಆದರೆ ತಿರುವು, ಮಂಜು, ಎದುರು ಬರುವ ಬಸ್ಸು ಎಲ್ಲ ಸೇರಿ ಒಂದೂವರೆ ಗಂಟೆ ಎಂದೇ ಎಣಿಸಬೇಕು. ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಎಂಬುದನ್ನು ಜಾಲತಾಣ ನೋಡಿ ನಂಬಬೇಡಿ, ಹಿಂದಿನ ದಿನ ಬಸ್ ನಿಲ್ದಾಣದ ಅಂಗಡಿಯವರನ್ನು ಕೇಳಿ. ಮೊಬೈಲಿನ ನಕ್ಷೆ ಅನೇಕ ಕಡೆ ತೋಟದ ಖಾಸಗಿ ದಾರಿಯನ್ನು ಸಾರ್ವಜನಿಕ ರಸ್ತೆ ಎಂದು ತೋರಿಸುತ್ತದೆ. ಗೇಟಿನ ಮುಂದೆ ಹೋಗಿ ನಿಂತಾಗ ಸಿಗ್ನಲ್ಲೂ ಇರುವುದಿಲ್ಲ. ನಾಗರಹೊಳೆ ಕಾಡಿನ ಒಳಗಿನ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರ ವರೆಗೆ ವಾಹನ ಬಿಡುವುದಿಲ್ಲ. ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಆನೆ ಓಡಾಡುವುದು ಕತ್ತಲು ಬಿದ್ದ ಮೇಲೆ ಮತ್ತು ಬೆಳಕು ಹರಿಯುವ ಮುಂಚೆ. ಸೂರ್ಯೋದಯದ ಚಿತ್ರ ಬೇಕೆಂದು ನಸುಕಿನಲ್ಲಿ ಒಬ್ಬರೇ ತೋಟದ ದಾರಿ ಹಿಡಿಯುವುದು ಧೈರ್ಯದ ಕೆಲಸವಲ್ಲ, ಅಪಾಯದ ಕೆಲಸ.

ದಿನಗಳನ್ನು ಇದಕ್ಕಿಂತ ಹೆಚ್ಚು ತಿನ್ನುವುದು ಕಾಲಮಾನ. ಕಾಫಿ ಹೂವಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ಫೆಬ್ರವರಿ ಕೊನೆಯಿಂದ ಏಪ್ರಿಲ್ ಒಳಗೆ ಹೂಮಳೆ ಬೀಳುತ್ತದೆ. ಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗಾಗುತ್ತದೆ, ಮೂರು–ನಾಲ್ಕು ದಿನಕ್ಕೆ ಹೂವು ಕಂದಿ ಕಂದುಬಣ್ಣಕ್ಕೆ ತಿರುಗುತ್ತದೆ. ಒಂದು ಹೋಬಳಿಗೆ ಬಿದ್ದ ಮಳೆ ಪಕ್ಕದ ಹೋಬಳಿಗೆ ಬಿದ್ದಿರುವುದಿಲ್ಲ. ರೊಬಸ್ಟಾ ಬೆಳೆಗಾರರಲ್ಲಿ ನೀರಿನ ಅನುಕೂಲ ಇರುವವರು ಮಳೆಗೆ ಕಾಯದೆ ಸ್ಪ್ರಿಂಕ್ಲರ್ ಹಾಕುತ್ತಾರೆ, ಅವರ ತೋಟದಲ್ಲಿ ಹೂವು ಮೊದಲೇ ಬಂದಿರುತ್ತದೆ. ಇತ್ತ ಪತ್ರಿಕೆಯ ಪುರವಣಿಗೆ ಲೇಖನ ಎರಡು–ಮೂರು ವಾರ ಮುಂಚೆ ಕೈಸೇರಬೇಕು, ಮಾಸಿಕಕ್ಕಾದರೆ ಎರಡು–ಮೂರು ತಿಂಗಳು. ಹೂವು ಅರಳಿದ ದಿನ ಚಿತ್ರ ತೆಗೆದು, ಬರೆದು, ಕಳಿಸಿ, ಅಚ್ಚಾಗುವ ಹೊತ್ತಿಗೆ ಗಿಡದಲ್ಲಿ ಮಿಡಿ ಕಟ್ಟಿರುತ್ತದೆ. ಆದ್ದರಿಂದ ಈ ವರ್ಷದ ಹೂವಿನ ಚಿತ್ರ ಮುಂದಿನ ವರ್ಷದ ಲೇಖನಕ್ಕೆ. ಹೀಗೆ ಒಂದು ವರ್ಷ ಮುಂದಿನ ದಾಸ್ತಾನು ಇಟ್ಟುಕೊಂಡವರು ಮಾತ್ರ ಸಕಾಲಕ್ಕೆ ಲೇಖನ ಕೊಡಬಲ್ಲರು. ಮೊದಲ ವರ್ಷ ಕಷ್ಟವೆನಿಸುವುದಕ್ಕೆ ಮುಖ್ಯ ಕಾರಣ ಈ ದಾಸ್ತಾನು ಇಲ್ಲದಿರುವುದು, ಪ್ರತಿಭೆಯ ಕೊರತೆ ಅಲ್ಲ.

ಹಬ್ಬಗಳಲ್ಲಿ ಎರಡು ಬಗೆ. ಕೈಲ್‌ಪೋಳ್ದ್ (ಆಯುಧಪೂಜೆಯ ಹಬ್ಬ) ಸೆಪ್ಟೆಂಬರ್ 3, ಕಕ್ಕಡ ತಿಂಗಳ ಹದಿನೆಂಟನೆಯ ದಿನವಾದ ಕಕ್ಕಡ ಹದಿನೆಂಟು ಆಗಸ್ಟ್ 3. ಇವಕ್ಕೆ ವರ್ಷದ ಮೊದಲೇ ಯೋಜನೆ ಹಾಕಬಹುದು. ತಲಕಾವೇರಿಯ ತೀರ್ಥೋದ್ಭವ ತುಲಾ ಸಂಕ್ರಮಣದ ದಿನ, ಅಕ್ಟೋಬರ್ ಮಧ್ಯಭಾಗದಲ್ಲಿ. ಆದರೆ ಗಳಿಗೆ ವರ್ಷ ವರ್ಷಕ್ಕೆ ಬೇರೆ, ಒಮ್ಮೆ ನಡುರಾತ್ರಿ, ಇನ್ನೊಮ್ಮೆ ಮಟಮಟ ಮಧ್ಯಾಹ್ನ. ಹುತ್ತರಿಯದು ಇನ್ನೂ ಸೂಕ್ಷ್ಮ. ಕೊಡವ ತಕ್ಕಿನಲ್ಲಿ (ಕೊಡವ ಭಾಷೆಯಲ್ಲಿ) ಪುತ್ತರಿ ಎನ್ನುವ ಈ ಸುಗ್ಗಿಹಬ್ಬದ ದಿನ, ನೆರೆ ಕಟ್ಟುವ (ಐದು ಬಗೆಯ ಎಲೆಗಳನ್ನು ಒಟ್ಟಿಗೆ ಕಟ್ಟುವ) ಮತ್ತು ಕದಿರು (ಭತ್ತದ ತೆನೆ) ತೆಗೆಯುವ ಹೊತ್ತು ಪಾಡಿ ಇಗ್ಗುತ್ತಪ್ಪನ ಸನ್ನಿಧಿಯಲ್ಲಿ ನಿಗದಿಯಾಗುತ್ತವೆ. ಅದು ಗೊತ್ತಾದ ಮೇಲೆ ಉಳಿಯುವ ಕಾಲ ಕಡಿಮೆ. ಹುತ್ತರಿಯ ಲೇಖನವನ್ನು ದಿನಾಂಕದ ಜಾಗ ಖಾಲಿ ಬಿಟ್ಟು ಅಕ್ಟೋಬರಿನಲ್ಲೇ ಬರೆದಿಟ್ಟು, ನಿಗದಿಯಾದ ದಿನ ತುಂಬಿ ಕಳಿಸುವುದು ರೂಢಿ.

ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಓಡಾಟವನ್ನು ಅರ್ಧಕ್ಕಿಳಿಸಿಕೊಳ್ಳಬೇಕು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಕುಸಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿಯೇ ಜಾರಿತು. ಅಂದಿನಿಂದ ಭಾರಿ ಮಳೆಯ ಮುನ್ಸೂಚನೆ ಬಂದರೆ ಜಿಲ್ಲಾಡಳಿತ ಪ್ರವಾಸಿ ತಾಣಗಳನ್ನು ಮುಚ್ಚುವುದುಂಟು. ‘ಮಳೆಗಾಲದಲ್ಲಿ ಕೊಡಗು ಸ್ವರ್ಗ’ ಎಂದು ಬರೆದು ಜನರನ್ನು ಆ ವಾರವೇ ಕರೆತರುವ ಲೇಖನ ಯಾರಿಗೂ ಉಪಕಾರ ಮಾಡದು. ಜಾರಿದ ಗುಡ್ಡದ ಮುಂದೆ ನಿಂತು ಚಿತ್ರ ತೆಗೆಸಿಕೊಳ್ಳುವ ಜಾಗದ ವಿವರವನ್ನಂತೂ ಕೊಡಲೇಬಾರದು. ಅಲ್ಲಿ ಮನೆ ಕಳೆದುಕೊಂಡವರು ಇನ್ನೂ ಅಕ್ಕಪಕ್ಕದಲ್ಲೇ ಇದ್ದಾರೆ. ಮಳೆಗಾಲ ಮನೆಯೊಳಗೆ ಬರೆಯುವ ಕಾಲ. ಕರೆಂಟು ದಿನಗಟ್ಟಲೆ ಹೋಗಬಹುದಾದ್ದರಿಂದ ಕಳಿಸಬೇಕಾದ ಲೇಖನವನ್ನು ಕೊನೆಯ ದಿನಕ್ಕೆ ಮೂರು ದಿನ ಮುಂಚೆಯೇ ಕಳಿಸುವ ಅಭ್ಯಾಸ ಬೇಕು.

ಯಾರನ್ನು ಕೇಳಬೇಕು

ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಮೂರೂ ವನ್ಯಜೀವಿ ಧಾಮಗಳು. ನಾಗರಹೊಳೆಯ ಒಂದು ಭಾಗವೂ ಜಿಲ್ಲೆಯಲ್ಲಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇವುಗಳೊಳಗೆ ಪ್ರವೇಶಕ್ಕೂ ಛಾಯಾಗ್ರಹಣಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಚಾರಣಗಳಿಗೆ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮುಂಗಡ ಕಾಯ್ದಿರಿಸುವ ವ್ಯವಸ್ಥೆ ಇದೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುವುದರಿಂದ ವಾರಾಂತ್ಯ ಬೇಗ ತುಂಬುತ್ತದೆ, ಮಂಗಳವಾರ–ಬುಧವಾರ ಆರಿಸಿಕೊಳ್ಳಿ. ಡ್ರೋನ್ 250 ಗ್ರಾಂ ಒಳಗಿನದಾದರೂ ಧಾಮದ ಮೇಲೆ ಹಾರಿಸುವಂತಿಲ್ಲ. ಹಕ್ಕಿಗೂಡು, ಆನೆಹಿಂಡು ಬೆದರುವುದು ಒಂದು ಕಾರಣ, ಉಪಕರಣವೇ ಜಪ್ತಿಯಾಗುವುದು ಇನ್ನೊಂದು.

ಐನ್‌ಮನೆಗಳ ವಿಷಯ ಬೇರೆ. ಅವು ಸ್ಮಾರಕಗಳಲ್ಲ, ಒಂದೊಂದು ಒಕ್ಕದ (ಮನೆತನದ) ಮೂಲಮನೆಗಳು. ಅಲ್ಲಿ ವಾಸವಿರುವವರ ಒಪ್ಪಿಗೆಯ ಜತೆಗೆ ಒಕ್ಕದ ಹಿರಿಯ ಯಜಮಾನರಾದ ಪಟ್ಟೆದಾರರ ಒಪ್ಪಿಗೆಯೂ ಬೇಕಾಗಬಹುದು. ಚಪ್ಪಲಿ ಹೊರಗೆ ಬಿಡುವುದು, ನೆಲ್ಲಕ್ಕಿ ನಡುಬಾಡೆಯ (ನಡುಮನೆಯ) ದೀಪದ ಚಿತ್ರ ಕೇಳದೆ ತೆಗೆಯದಿರುವುದು, ಪೂರ್ವಜರ ಗುಡಿಯಾದ ಕೈಮಡದ ಹತ್ತಿರ ಹೋಗುವ ಮುಂಚೆ ಕೇಳುವುದು ಕನಿಷ್ಠ ಮರ್ಯಾದೆ. ದೇವರಕಾಡುಗಳು ಜಿಲ್ಲೆಯಲ್ಲಿ ಸಾವಿರಕ್ಕೂ ಹೆಚ್ಚಿವೆ. ಒಂದೊಂದರ ಕಟ್ಟುಪಾಡು ಒಂದೊಂದು ಬಗೆ. ಊರಿನ ಮುಖ್ಯಸ್ಥರಾದ ತಕ್ಕರನ್ನು ಕಂಡು ವಿಚಾರಿಸಿ. ಅವರು ‘ಬರೆಯಿರಿ, ಆದರೆ ಜಾಗದ ಗುರುತು ಬೇಡ’ ಎಂದರೆ ಗುರುತು ಕೊಡದೆ ಬರೆಯಲು ಬರುತ್ತದೆ. ಹೆಸರಿಲ್ಲದ ಸಣ್ಣ ಜಲಪಾತಗಳಿಗೂ ಇದೇ ನಿಯಮ ಇಟ್ಟುಕೊಳ್ಳುವುದು ನಮ್ಮ ಸಲಹೆ. ಕಸ ಹೊರುವವರಾಗಲಿ, ಕಾಲು ಜಾರಿದರೆ ಎತ್ತುವವರಾಗಲಿ ಇಲ್ಲದ ಕಡೆಗೆ ಒಂದು ಲೇಖನ ಸಾವಿರ ಜನರನ್ನು ಕಳಿಸಬಾರದು.

ಟಿಪ್ಪಣಿ ಪುಸ್ತಕದ ಎರಡು ಪುಟ

ಟಿಪ್ಪಣಿಗೆ ಅಂಗೈಯಗಲದ ಗಟ್ಟಿ ರಟ್ಟಿನ ಪುಸ್ತಕ, ಬರೆಯಲು ಪೆನ್ಸಿಲ್. ಇಲ್ಲಿನ ಮಂಜಿಗೆ ಕಾಗದ ತೇವವಾದರೆ ಶಾಯಿ ಹರಡುತ್ತದೆ, ಪೆನ್ಸಿಲ್ ಗೆರೆ ಹಾಗೇ ಉಳಿಯುತ್ತದೆ. ಪುಸ್ತಕವನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಅದನ್ನು ಬ್ಯಾಗಿನ ನಡುವೆ ಇಡಬೇಕು, ಹೊರಜೇಬಿನಲ್ಲಲ್ಲ.

ಎಡಪುಟದಲ್ಲಿ ಕಂಡದ್ದು, ಕೇಳಿದ್ದು. ಉದಾಹರಣೆಗೆ ಜನವರಿಯ ಒಂದು ಬೆಳಿಗ್ಗೆ ಹೀಗಿರಬಹುದು: ‘7.20. ಕಣ. ರಾತ್ರಿ ಮುಚ್ಚಿದ್ದ ಟಾರ್ಪಾಲು ತೆಗೆಯುತ್ತಿದ್ದಾರೆ, ಅಂಚಿನಿಂದ ಇಬ್ಬನಿ ಇಳಿಯುತ್ತಿದೆ. ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ, ಹೊಟ್ಟಿನ ಸಮೇತದ ಕಾಫಿ ಬೀಜ) ಎರಡು ಬೆರಳು ದಪ್ಪಕ್ಕೆ ಹರಡಿ ಮರದ ಹಲಗೆಯಿಂದ ಸಾಲು ಎಳೆಯುತ್ತಾರೆ. ಬಿಸಿಲಿದ್ದರೆ ಒಣಗಲು 7–10 ದಿನ (ರೈಟರ್ ಹೇಳಿದ್ದು). ಪಲ್ಪರ್ (ಸಿಪ್ಪೆ ತೆಗೆಯುವ ಯಂತ್ರ) ಹತ್ತಿರ ಹುಳಿ ವಾಸನೆ.’ ಬಲಪುಟದಲ್ಲಿ ಸರಿ ನೋಡಬೇಕಾದವು: ‘7–10 ದಿನ: ಇನ್ನೊಂದು ತೋಟದಲ್ಲಿ ಕೇಳು. ಒಕ್ಕದ ಹೆಸರಿನ ಅಕ್ಷರ ಬರೆಸಿಕೋ. ಹುಳಿ ವಾಸನೆ ಯಾಕೆ?’ ಕಂಡದ್ದು, ಒಬ್ಬರು ಹೇಳಿದ್ದು, ಓದಿ ತಿಳಿದದ್ದು ಈ ಮೂರನ್ನು ಟಿಪ್ಪಣಿಯಲ್ಲೇ ಬೇರೆ ಬೇರೆ ಗುರುತು ಹಾಕಿ ಇಡದಿದ್ದರೆ ತಿಂಗಳ ನಂತರ ಬರೆಯುವಾಗ ಮೂರೂ ಕಲಸಿಹೋಗುತ್ತವೆ. ‘ಹೇಳಿದ್ದು’ ಎಂಬುದು ‘ನಡೆದದ್ದು’ ಆಗಿಬಿಡುವುದು ಹಾಗೆಯೇ.

ಹೆಸರು ಬರೆಸಿಕೊಳ್ಳುವುದು ಸಣ್ಣ ಕೆಲಸವಲ್ಲ. ಕೊಡವ ಹೆಸರುಗಳಲ್ಲಿ ಮನೆತನ ಮೊದಲು ಬರುತ್ತದೆ. 1899ರಲ್ಲಿ ಶನಿವಾರಸಂತೆಯಲ್ಲಿ ಹುಟ್ಟಿದ ಫೀಲ್ಡ್ ಮಾರ್ಷಲ್ ಕೆ.ಎಂ. ಕಾರ್ಯಪ್ಪ ಮತ್ತು 1906ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದ ಜನರಲ್ ಕೆ.ಎಸ್. ತಿಮ್ಮಯ್ಯ ಇಬ್ಬರ ‘ಕೆ’ ಕೂಡ ಕೊಡಂದೇರ. ಈ ಮನೆತನದ ಹೆಸರನ್ನು ಬಿಟ್ಟರೆ ಅಥವಾ ಒಂದಕ್ಷರ ತಪ್ಪಿದರೆ ಓದುಗರಲ್ಲಿ ಅರ್ಧದಷ್ಟು ಜನಕ್ಕೆ ನೀವು ಯಾರ ಬಗ್ಗೆ ಬರೆದಿರಿ ಎಂದೇ ತಿಳಿಯುವುದಿಲ್ಲ.

ಮತ್ತೆ ಮತ್ತೆ ಕಾಣುವ ತಪ್ಪುಗಳಿವೆ. ಬೈಲಕುಪ್ಪೆಯ ಚಿನ್ನದ ದೇವಾಲಯವನ್ನು ಕೊಡಗಿಗೆ ಸೇರಿಸುವುದು: ಅದು ಕುಶಾಲನಗರದ ಪಕ್ಕದಲ್ಲೇ ಇದ್ದರೂ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕಿನದು. ‘ಅಬ್ಬಿ ಜಲಪಾತ’ ಎಂಬುದರಲ್ಲಿ ಅಬ್ಬಿ ಎಂದರೇ ಜಲಪಾತ. ಅದಕ್ಕೂ ಯಾವುದೇ ಇಗರ್ಜಿಗೂ ನಂಟು ಕಟ್ಟಬೇಕಿಲ್ಲ. ಜಿಲ್ಲೆಯ ಎತ್ತರದ ಶಿಖರ ತಡಿಯಂಡಮೋಳ್, 1,748 ಮೀಟರ್, ಪುಷ್ಪಗಿರಿ 1,712. ನಾಲ್ಕುನಾಡು ಅರಮನೆ ದೊಡ್ಡವೀರರಾಜೇಂದ್ರನ ಕಾಲದ್ದು, 1792. ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ್ದು. ಈ ಇಬ್ಬರನ್ನು ಅದಲುಬದಲು ಮಾಡಿದ ಲೇಖನಗಳು ಎಷ್ಟೋ. ಹಳೆಯ ಬರಹ ನೋಡಿ ‘ಮೂರು ತಾಲ್ಲೂಕು’ ಎಂದು ಬರೆಯುವುದೂ ತಪ್ಪು, ಕುಶಾಲನಗರ ಮತ್ತು ಪೊನ್ನಂಪೇಟೆ ಸೇರಿ ಈಗ ಐದು.

ಇವೆಲ್ಲಕ್ಕಿಂತ ನೋವು ತರುವ ತಪ್ಪು ಕೊಡಗು ಎಂದರೆ ಕೊಡವರು ಮಾತ್ರ ಎಂಬಂತೆ ಬರೆಯುವುದು. ಅರೆಭಾಷೆ ಗೌಡರು, ಯರವರು, ಜೇನುಕುರುಬರು, ಕುಡಿಯರು, ಮಾಪಿಳ್ಳೆಗಳು, ತುಳು ಮಲಯಾಳ ಆಡುವವರು ಎಲ್ಲರ ನೆಲ ಇದು. ಕಕ್ಕಡದಲ್ಲಿ ಪಾಯಸಕ್ಕೆ ಹಾಕುವ ಒಂದೇ ಗಿಡದ ಎಲೆ ಒಂದು ಮನೆಯಲ್ಲಿ ಮದ್ದುಸೊಪ್ಪು, ಇನ್ನೊಂದು ಮನೆಯಲ್ಲಿ ಆಟಿ ಸೊಪ್ಪು. ಕಾಫಿ ಕೊಯ್ಯುವವರ ಲೈನ್ ಮನೆಗಳ ಮುಂದೆಯೇ ಹಾದುಹೋಗಿ ಮಾಲೀಕರ ಬಂಗಲೆಯ ಬಗ್ಗೆ ಮಾತ್ರ ಬರೆದರೆ ಆ ತೋಟವನ್ನು ನೋಡಿದಂತಾಗಲಿಲ್ಲ.

ಸಂಪಾದಕರಿಗೆ ಬರೆಯುವ ಪತ್ರ

ಪೂರ್ತಿ ಲೇಖನ ಬರೆದು ಕಳಿಸಿ ಕಾಯುವುದಕ್ಕಿಂತ ಮೊದಲು ಪ್ರಸ್ತಾವ ಕಳಿಸುವುದು ದಿನ ಉಳಿಸುತ್ತದೆ. ‘ಕೊಡಗಿನ ಬಗ್ಗೆ ಒಂದು ಲೇಖನ ಬರೆಯಲೇ?’ ಎಂದರೆ ಉತ್ತರ ಬರುವುದಿಲ್ಲ, ಕೊಡಗು ಒಂದು ಜಾಗ, ವಿಷಯವಲ್ಲ. ಹೀಗೆ ಬರೆಯಬಹುದು:

‘ಮಾನ್ಯ ಸಂಪಾದಕರೇ, ಆಗಸ್ಟ್ 3 ಕೊಡಗಿನಲ್ಲಿ ಕಕ್ಕಡ ಹದಿನೆಂಟು. ಅಂದು ಮದ್ದುಸೊಪ್ಪು ಬೇಯಿಸಿದ ಕಡುನೇರಳೆ ನೀರಿನಲ್ಲಿ ಪಾಯಸ ಮಾಡುತ್ತಾರೆ. ಸೊಪ್ಪಿನ ಘಮ ಏಳುವುದೇ ಆ ಹೊತ್ತಿಗೆ ಎಂಬ ನಂಬಿಕೆ. ಸೊಪ್ಪನ್ನು ಗುರುತಿಸುವುದು ಹೇಗೆ, ಪಾಯಸ ಮಾಡುವುದು ಹೇಗೆ, ಹೊರಗಿನವರು ಎಲ್ಲಿ ಸವಿಯಬಹುದು ಎಂಬುದನ್ನು 900 ಪದಗಳಲ್ಲಿ ಬರೆಯುತ್ತೇನೆ. ಸೊಪ್ಪು, ಬೇಯುವ ಪಾತ್ರೆ, ಪಾಯಸ, ನಾಟಿಯ ಗದ್ದೆ, ಈ ನಾಲ್ಕು ಚಿತ್ರಗಳು ಕಳೆದ ವರ್ಷ ತೆಗೆದವು, ಸಿದ್ಧವಿವೆ. ಜುಲೈ 10ಕ್ಕೆ ತಲುಪಿಸಬಲ್ಲೆ. ಬೇರೆಲ್ಲೂ ಪ್ರಕಟವಾಗಿಲ್ಲ.’

ಈ ಪತ್ರ ಮೇ ಕೊನೆಗೆ ಹೋಗಬೇಕು. ಮೂರು ವಾರ ಉತ್ತರವಿಲ್ಲದಿದ್ದರೆ ಒಂದು ನೆನಪೋಲೆ, ಇನ್ನೊಂದು ವಾರ ಬಿಟ್ಟು ‘ಬೇರೆ ಕಡೆ ಕಳಿಸುತ್ತಿದ್ದೇನೆ’ ಎಂಬ ವಿನಯದ ಸಾಲು, ಆಮೇಲೆ ಇನ್ನೊಂದು ಪತ್ರಿಕೆ. ಒಂದೇ ಲೇಖನವನ್ನು ಎರಡು ಪತ್ರಿಕೆಗೆ ಒಟ್ಟಿಗೆ ಕಳಿಸಿ ಎರಡರಲ್ಲೂ ಬಂದರೆ ಎರಡೂ ಬಾಗಿಲು ಮುಚ್ಚುತ್ತವೆ.

ಕಡತದ ವಿಷಯದಲ್ಲಿ ಕನ್ನಡಕ್ಕೇ ವಿಶೇಷವಾದ ಒಂದು ತೊಡಕಿದೆ. ನಾವು ಟೈಪ್ ಮಾಡುವುದು ಯೂನಿಕೋಡ್‌ನಲ್ಲಿ. ಅನೇಕ ಪತ್ರಿಕೆಗಳ ಪುಟವಿನ್ಯಾಸ ಈಗಲೂ ನುಡಿ, ಶ್ರೀಲಿಪಿಯಂಥ ಹಳೆಯ ಅಕ್ಷರವಿನ್ಯಾಸಗಳಲ್ಲಿ. ಪರಿವರ್ತಿಸುವಾಗ ಅರ್ಕಾವತ್ತು ಜಾಗ ತಪ್ಪುತ್ತದೆ, ‘ಕೈಲ್‌ಪೋಳ್ದ್’ನಂಥ ಅರ್ಧಾಕ್ಷರದ ಪದಗಳು ಒತ್ತಕ್ಷರವಾಗಿ ಅಂಟಿಕೊಳ್ಳುತ್ತವೆ. ಕೊಡವ ತಕ್ಕಿನ ಪದಗಳಿಗೆ ಈ ಪೆಟ್ಟು ಹೆಚ್ಚು. ಅದಕ್ಕೇ ಲೇಖನದ ಜತೆ ಒಂದು ಪಿಡಿಎಫ್ ಕಳಿಸಿ, ಕಠಿಣ ಪದಗಳ ಪಟ್ಟಿಯನ್ನು ಕೊನೆಯಲ್ಲಿ ಕೊಡಿ. ಚಿತ್ರ ಅಚ್ಚಿಗೆ 300 ಡಿಪಿಐ ಬೇಕು; ಎಂಟು ಇಂಚು ಅಗಲಕ್ಕೆ 2,400 ಪಿಕ್ಸೆಲ್. ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಕಳಿಸಿದರೆ ಕುಗ್ಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ.

ಹಕ್ಕು ಯಾರದು, ಹಣ ಯಾವಾಗ

1957ರ ಹಕ್ಕುಸ್ವಾಮ್ಯ ಕಾಯ್ದೆಯಲ್ಲಿ ಸ್ವತಂತ್ರ ಬರಹಗಾರರು ತಿಳಿದಿರಲೇಬೇಕಾದ ಒಂದು ಭೇದವಿದೆ. ನೌಕರಿಯಲ್ಲಿಲ್ಲದವರು ಬರೆದ ಬರಹದ ಮೊದಲ ಒಡೆತನ ಬರೆದವರದೇ. ಆದರೆ ಯಾರಾದರೂ ಹಣ ಕೊಟ್ಟು ‘ಈ ಚಿತ್ರ ತೆಗೆದುಕೊಡಿ’ ಎಂದು ಹೇಳಿ ತೆಗೆಸಿದ ಛಾಯಾಚಿತ್ರದ ಒಡೆತನ, ಬೇರೆ ಒಪ್ಪಂದ ಇಲ್ಲದಿದ್ದರೆ, ತೆಗೆಸಿದವರದು. ಒಂದೇ ಪ್ರಯಾಣದ ಬರಹ ನಿಮ್ಮದು, ಚಿತ್ರ ಅವರದು ಆಗಿಬಿಡಬಹುದು! ಆದ್ದರಿಂದ ಕೆಲಸ ಒಪ್ಪುವಾಗಲೇ ‘ಚಿತ್ರಗಳ ಹಕ್ಕು ನನ್ನಲ್ಲೇ ಉಳಿಯುತ್ತದೆ, ನಿಮಗೆ ಈ ಲೇಖನದೊಂದಿಗೆ ಬಳಸುವ ಅನುಮತಿ’ ಎಂದು ಇಮೇಲ್‌ನಲ್ಲಿ ಬರೆದು, ಸರಿ ಎಂಬ ಉತ್ತರ ಪಡೆದುಕೊಳ್ಳಿ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಅವಧಿ ನಮೂದಿಸದಿದ್ದರೆ ಐದು ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಎಂದು ಕಾಯ್ದೆ ಪರಿಗಣಿಸುತ್ತದೆ. ‘ಎಲ್ಲ ಹಕ್ಕುಗಳೂ, ಎಲ್ಲ ಮಾಧ್ಯಮಗಳಲ್ಲೂ, ಶಾಶ್ವತವಾಗಿ’ ಎಂಬ ಸಾಲು ಕಂಡರೆ ನಿಲ್ಲಿ. ಮುಂದೊಂದು ದಿನ ಲೇಖನಗಳನ್ನು ಪುಸ್ತಕ ಮಾಡುವ ದಾರಿ ಅಲ್ಲೇ ಮುಚ್ಚುತ್ತದೆ. ಆ ಸಾಲಿಗೆ ತಕ್ಕ ಹಣ ಸಿಗುವುದಾದರೆ ಒಪ್ಪಬಹುದು, ಗೌರವ ಸಂಭಾವನೆಗೆ ಒಪ್ಪಬಾರದು.

ಪ್ರಕಟವಾದ ದಿನವೇ ಬಿಲ್ ಕಳಿಸಿ: ಲೇಖನದ ಹೆಸರು, ಸಂಚಿಕೆಯ ದಿನಾಂಕ, ಮೊತ್ತ, ಪ್ಯಾನ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ. ‘ಹಣ ಪ್ರಕಟಣೆಯ ನಂತರ’ ಎಂಬುದು ಬಹುಪಾಲು ಕಡೆಯ ರೂಢಿ. ಒಪ್ಪಿಕೊಂಡು ಆರು ತಿಂಗಳು ಪ್ರಕಟಿಸದಿದ್ದರೆ ಏನು ಎಂಬುದನ್ನು ಮೊದಲೇ ಕೇಳಿಟ್ಟುಕೊಳ್ಳಿ. ಜಾಲತಾಣ, ಪ್ರವಾಸ ಕಂಪನಿ, ರೆಸಾರ್ಟ್‌ಗಳಿಗೆ ಬರೆದುಕೊಡುವವರು ಉದ್ಯಮ್ (ಸಣ್ಣ ಉದ್ಯಮಗಳಿಗಿರುವ ಕೇಂದ್ರ ಸರ್ಕಾರದ) ನೋಂದಣಿ ಮಾಡಿಸಿಕೊಂಡರೆ ಒಳಿತು. ಆಧಾರ್ ಮತ್ತು ಪ್ಯಾನ್ ಇದ್ದರೆ ಸಾಕು, ಶುಲ್ಕವಿಲ್ಲ. 2006ರ ಎಂಎಸ್‌ಎಂಇ (ಕಿರು, ಸಣ್ಣ, ಮಧ್ಯಮ ಉದ್ಯಮಗಳ) ಕಾಯ್ದೆಯಡಿ ಕಿರು ಮತ್ತು ಸಣ್ಣ ಉದ್ಯಮಕ್ಕೆ ಒಪ್ಪಂದ ಇದ್ದರೂ 45 ದಿನದೊಳಗೆ ಹಣ ಕೊಡಬೇಕು, ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಕೆಲಸ ಒಪ್ಪುವ ಮೊದಲೇ ನೋಂದಣಿ ಆಗಿರಬೇಕು, ಬಾಕಿ ನಿಂತ ಮೇಲೆ ಮಾಡಿಸಿದರೆ ಹಳೆಯದಕ್ಕೆ ಉಪಯೋಗವಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ ಇದ್ದರೆ ಲೆಕ್ಕಪತ್ರ ವಿಭಾಗದವರು ಅದನ್ನು ಬೇರೆಯೇ ಕಣ್ಣಿನಿಂದ ನೋಡುತ್ತಾರೆ.

ವೃತ್ತಿಪರ ಶುಲ್ಕವೆಂದು ಕೊಡುವ ಹಣ ಒಂದೇ ಸಂಸ್ಥೆಯಿಂದ ವರ್ಷಕ್ಕೆ 50,000 ರೂಪಾಯಿ ದಾಟಿದರೆ ಶೇ 10 ತೆರಿಗೆ ಮೂಲದಲ್ಲೇ ಕಡಿತವಾಗುತ್ತದೆ (2025ರ ಏಪ್ರಿಲ್‌ಗೆ ಮೊದಲು ಈ ಮಿತಿ 30,000 ಇತ್ತು). ಪ್ಯಾನ್ ಕೊಡದಿದ್ದರೆ ಶೇ 20. ಒಟ್ಟು ಆದಾಯ ತೆರಿಗೆಯ ಮಿತಿಗಿಂತ ಕಡಿಮೆಯಿದ್ದರೂ ರಿಟರ್ನ್ ಸಲ್ಲಿಸಿ, ಕಡಿತವಾದದ್ದು ವಾಪಸು ಬರುವುದು ಹಾಗೆಯೇ. ಬಸ್ ಟಿಕೆಟ್, ವಸತಿಯ ರಸೀದಿಗಳನ್ನು ಲೇಖನದ ಹೆಸರು ಬರೆದ ಲಕೋಟೆಯಲ್ಲಿಡಿ. ಬಸ್ಸಿನ ಟಿಕೆಟ್ಟಿನ ಅಕ್ಷರ ಕೆಲವು ತಿಂಗಳಲ್ಲೇ ಮಾಸುವುದರಿಂದ ಅಂದೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಜಿಎಸ್‌ಟಿ ನೋಂದಣಿ ಸೇವೆಗಳಿಗೆ ವಾರ್ಷಿಕ 20 ಲಕ್ಷ ದಾಟಿದ ಮೇಲೆ.

ಉಚಿತ ವಸತಿ

‘ಎರಡು ರಾತ್ರಿ ನಮ್ಮಲ್ಲಿ ಇದ್ದು ಹೋಗಿ, ಚೆನ್ನಾಗಿ ಬರೆಯಿರಿ’ ಎಂಬ ಕರೆ ಕೊಡಗಿನಲ್ಲಿ ಆಗಾಗ ಬರುತ್ತದೆ. ಮೇಲಿನ ಲೆಕ್ಕ ನೋಡಿದರೆ ಅದರ ಸೆಳೆತ ಅರ್ಥವಾಗುತ್ತದೆ, ವಸತಿಯ ಖರ್ಚು ಸೊನ್ನೆಯಾಗುತ್ತದೆ. ಆದರೆ ಆ ಎರಡು ದಿನ ಆತಿಥೇಯರ ಕೈಗೆ ಹೋಗುತ್ತವೆ. ಅವರು ತೋರಿಸಿದ್ದನ್ನು ನೋಡಿ, ಅವರ ಜೀಪಿನಲ್ಲಿ ತಿರುಗಿ ಬಂದರೆ ಆ ಓಡಾಟದಿಂದ ಎರಡನೆಯ ಲೇಖನ ಹುಟ್ಟುವುದಿಲ್ಲ. ಒಪ್ಪಿದರೆ ಮೂರು ಷರತ್ತು ಮೊದಲೇ ಬರೆದು ಕಳಿಸಿ: ಲೇಖನವನ್ನು ಅಚ್ಚಿಗೆ ಮುನ್ನ ತೋರಿಸುವುದಿಲ್ಲ, ಕೊರತೆ ಕಂಡರೆ ಬರೆಯುತ್ತೇನೆ, ಆತಿಥ್ಯ ಪಡೆದದ್ದನ್ನು ಓದುಗರಿಗೆ ತಿಳಿಸುತ್ತೇನೆ. ಇವನ್ನು ಓದಿ ಸುಮ್ಮನಾದವರ ಮನೆಗೆ ಹೋಗದಿರುವುದೇ ಕ್ಷೇಮ.

ಮೂರನೆಯದು ಬರೀ ಸೌಜನ್ಯವಲ್ಲ. ಸಾಮಾಜಿಕ ಜಾಲತಾಣಗಳಲ್ಲಿ ಪ್ರಭಾವ ಬೀರುವವರು ಉಚಿತ ವಸತಿ, ಪ್ರವಾಸ, ಉಡುಗೊರೆ ಪಡೆದು ಶಿಫಾರಸು ಮಾಡಿದರೆ ಅದನ್ನು ಎದ್ದು ಕಾಣುವಂತೆ ಹೇಳಬೇಕು ಎಂದು 2023ರ ಜನವರಿಯಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 10 ಲಕ್ಷದವರೆಗೆ ದಂಡವಿದೆ. ತೆರಿಗೆಯೂ ಇದೆ: 2022ರ ಜುಲೈಯಿಂದ, ವೃತ್ತಿಯ ಸಂಬಂಧವಾಗಿ ಒಬ್ಬರಿಗೆ ಕೊಟ್ಟ ಸೌಲಭ್ಯದ ಬೆಲೆ ವರ್ಷಕ್ಕೆ 20,000 ದಾಟಿದರೆ ಕೊಟ್ಟವರು ಶೇ 10 ತೆರಿಗೆ ಕಡಿತ ತುಂಬಬೇಕು, ಆ ಬೆಲೆ ಪಡೆದವರ ಆದಾಯಕ್ಕೆ ಸೇರುತ್ತದೆ. ಹೋಂಸ್ಟೇ ಪ್ರವಾಸೋದ್ಯಮ ಇಲಾಖೆಯಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸಿಯೇ ಹೆಸರು ಬರೆಯಿರಿ. ನಿಮ್ಮ ಮಾತು ನಂಬಿ ಕುಟುಂಬ ಕಟ್ಟಿಕೊಂಡು ಬರುವವರಿದ್ದಾರೆ.

ಮೈ, ಕ್ಯಾಮೆರಾ, ಕಡತ

ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಬೂಷ್ಟು ಹಿಡಿಯುತ್ತದೆ, ಹಿಡಿದರೆ ತೆಗೆಸುವ ಖರ್ಚು ಹಲವು ಲೇಖನಗಳ ಸಂಭಾವನೆ. ಗಾಳಿ ಆಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ನೀಲಿ ಹರಳು ಗುಲಾಬಿಯಾದರೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿ ಮತ್ತೆ ನೀಲಿಗೆ ತಂದು ಬಳಸಬಹುದು. ಆ ಬಾಣಲೆಯನ್ನು ಅಡುಗೆಗೆ ಬಳಸಬಾರದು. ಜಿಗಣೆಗೆ ಉದ್ದ ಕಾಲುಚೀಲ, ಅದರ ಮೇಲೆ ಹೊಗೆಸೊಪ್ಪಿನ ನೀರು. ಹತ್ತಿದರೆ ಎಳೆಯದೆ ಉಪ್ಪು ಸವರಿ. ನೌಕರರಿಗಿರುವ ಭವಿಷ್ಯನಿಧಿ, ವಿಮೆ ಇಲ್ಲಿಲ್ಲ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 20 ರೂಪಾಯಿಗೆ 2 ಲಕ್ಷದ ಅಪಘಾತ ವಿಮೆ ಸಿಗುತ್ತದೆ, ಅಷ್ಟಾದರೂ ಇರಲಿ. ನಾಲ್ಕು ತಿಂಗಳ ಮಳೆಗಾಲದ ಮನೆಖರ್ಚನ್ನು ಮೇ ಮುಗಿಯುವುದರೊಳಗೆ ತೆಗೆದಿಟ್ಟುಕೊಳ್ಳದವರು ಆಗಸ್ಟ್‌ನಲ್ಲಿ ಕೈಗೆ ಬಂದ ಯಾವ ಷರತ್ತಿಗೂ ಸಹಿ ಹಾಕುವ ಸ್ಥಿತಿಗೆ ಬರುತ್ತಾರೆ.

ಲೇಖನ ಬಂದ ಮೇಲೆ ಪುಟದ ಪ್ರತಿಯೊಂದನ್ನು ಮಾತಾಡಿಸಿದವರಿಗೆಲ್ಲ ಕಳಿಸಿ. ಹಿರಿಯರಿರುವ ಮನೆಗಾದರೆ ಅಂಚೆಯಲ್ಲಿ, ಕಾಗದದಲ್ಲೇ. ಒಂದು ವಾರದೊಳಗೆ ಫೋನ್ ಬರುತ್ತದೆ: ಅಜ್ಜನ ಹೆಸರಿನ ದೀರ್ಘ ತಪ್ಪಿದೆ, ಆ ಗದ್ದೆ ನಮ್ಮದಲ್ಲ ಪಕ್ಕದವರದು, ನೆರೆ ಕಟ್ಟುವುದಕ್ಕೆ ನೀವು ಬರೆದ ಐದು ಎಲೆಗಳಲ್ಲಿ ಒಂದು ಬೇರೆ. ಅದನ್ನೆಲ್ಲ ಅದೇ ಟಿಪ್ಪಣಿ ಪುಸ್ತಕದ ಬಲಪುಟದಲ್ಲಿ ದಿನಾಂಕ ಹಾಕಿ ಬರೆದುಕೊಳ್ಳಿ, ಪತ್ರಿಕೆಗೆ ತಿದ್ದುಪಡಿ ಕಳಿಸಿ. ಮುಂದಿನ ನವೆಂಬರಿನ ಲೇಖನ ಶುರುವಾಗುವುದು ಆ ಪುಟದಿಂದ.